ಮೂಲಪ್ರತಿಯಲ್ಲಿ ಇಲ್ಲದ ಶಬ್ದ

ಆ ಮನೆಯಲ್ಲಿ ಬೆಳಗಿನ ತಿಂಡಿಗಿಂತ ಮೊದಲು ಜರ್ಮನ್ ಬಡಿಸುತ್ತಿದ್ದರು. ಅದೂ ಅಷ್ಟಿಷ್ಟಲ್ಲ, ಆರಕ್ಕೆ ಕೂತರೆ ಎಂಟೂವರೆಗೆ ಏಳುವುದು. ಬಡಿಸುವವಳು ಹೆಂಡತಿ, ಬಡಿಸಿಕೊಳ್ಳುವವರು ಗಂಡ. ಪಕ್ಕದ ಕೋಣೆಯಲ್ಲಿ ಮಲಗಿರುತ್ತಿದ್ದ ಅತ್ತೆಯವರು ಬೇಡ ಬೇಡವೆಂದರೂ ಅವರ ಕಿವಿಗೂ ಒಂದೆರಡು ಸೌಟು ಬೀಳುತ್ತಿತ್ತು.

ಸದಾ ಭೂತಗನ್ನಡಿ ಹಿಡಿದಿರುತ್ತಿದ್ದ ಗಂಡನನ್ನು ಪ್ರೆಸ್ಸಿನಲ್ಲಿ ಎಲ್ಲರೂ ಭೂತಗನ್ನಡಿ ಎನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ, ಆದರೆ ವಯಸ್ಸಿಗೆ ಬೆಲೆ ಕೊಟ್ಟು ಕೊನೆಗೊಂದು 'ಅವರು' ಸೇರಿಸೋಣ. ಔಷಧದ ಡಬ್ಬಿಯೊಳಗೆ ಎಂಟು ಮಡಿಕೆ ಹಾಕಿದ ತೆಳ್ಳನೆಯ ಕಾಗದ ಇರುತ್ತದಲ್ಲ (ಒಮ್ಮೆ ಬಿಚ್ಚಿದರೆ ಮತ್ತೆ ಮಡಿಸಲು ಬಾರದೆ ನೀವು ಉಂಡೆ ಮಾಡಿ ಎಸೆಯುತ್ತೀರಲ್ಲ, ಅದೇ), ಅದನ್ನು ಐದಾರು ಭಾಷೆಗಳಲ್ಲಿ ಅಚ್ಚು ಹಾಕುವ ಪ್ರೆಸ್ಸು ಅದು. ಭೂತಗನ್ನಡಿಯವರು ಅಲ್ಲಿ ಪ್ರೂಫ್ ರೀಡರ್. ಜರ್ಮನ್ ಕಾಗದಗಳೆಲ್ಲ ಅವರ ಪಾಲಿಗೆ. ಯಾಕೆಂದರೆ ಅವರಿಗೆ ಜರ್ಮನ್ ಬರುತ್ತಿರಲಿಲ್ಲ.

ತಮಾಷೆ ಮಾಡುತ್ತಿಲ್ಲ. ಅದು ಅವರ ಸಿದ್ಧಾಂತ. ಅರ್ಥ ಗೊತ್ತಿರುವವನ ಕಣ್ಣು ಸೋಮಾರಿ, ಅರ್ಧ ಪದ ನೋಡಿ ಉಳಿದರ್ಧವನ್ನು ಊಹಿಸಿಕೊಂಡು ಮುಂದೆ ಓಡುತ್ತದೆ; ಏನೂ ಗೊತ್ತಿಲ್ಲದವನ ಕಣ್ಣು ಮಾತ್ರ ಒಂದೊಂದು ಅಕ್ಷರದ ಮುಂದೆಯೂ ಕೈಕಟ್ಟಿ ನಿಲ್ಲುತ್ತದೆ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. "ಮೂವತ್ತೆರಡು ವರ್ಷ ಸರ್ವೀಸು. ಒಂದು ಪದದ ಅರ್ಥ ತಿಳ್ಕೊಂಡಿದ್ರೆ ಕೇಳಿ!" ಎಂದು ಎದೆಯುಬ್ಬಿಸುತ್ತಿದ್ದರು. ಹೊರಗಿನವರು ಯಾರೂ ಕೇಳಿರಲಿಲ್ಲ. ಅದೇ ಮುಂದೆ ತೊಂದರೆಯಾಯಿತು.

ಈ ಕೆಲಸಕ್ಕೆ ಇಬ್ಬರು ಬೇಕು. ಕಂಪನಿಯವರು ಕಳಿಸಿದ ಮೂಲಪ್ರತಿಯನ್ನು ಒಬ್ಬ ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಎದುರಿಗೆ ಕೂತು ಪ್ರೂಫಿನಲ್ಲಿ ಅದೇ ಅಕ್ಷರ ಇದೆಯೇ ಎಂದು ನೋಡಬೇಕು. ಓದುವವನಿಗೆ ಪ್ರೆಸ್ಸಿನಲ್ಲಿ 'ಓದಾಳು' ಎಂದು ಹೆಸರು. ಹನ್ನೊಂದು ವರ್ಷದ ಹಿಂದೆ ಜರ್ಮನ್ ಓದಾಳು ನಿವೃತ್ತನಾದ. ಮ್ಯಾನೇಜರು ಹೊಸಬನನ್ನು ಹಾಕುತ್ತೇನೆ ಎಂದರು, ಈಗಲೂ ಅನ್ನುತ್ತಿದ್ದಾರೆ. ಭೂತಗನ್ನಡಿಯವರು ಎರಡು ದಿನ ನೋಡಿ, ಮೂರನೆಯ ದಿನ ಪ್ರೂಫಿನ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು. "ನಾಳೆಯಿಂದ ನೀನು ಓದು" ಎಂದು ಹೆಂಡತಿಗೆ ಹೇಳಿದರು. ಅಷ್ಟೇ ನೇಮಕಾತಿ ಪತ್ರ.

ಮನೆಯಲ್ಲಿ ಕೆಲಸಕ್ಕೆ ಹೊಂದುವಂತೆ ಅಕ್ಷರಗಳಿಗೆ ಅಡ್ಡಹೆಸರು ಹುಟ್ಟಿಕೊಂಡವು. ದೊಡ್ಡಕ್ಷರ ಬಂದರೆ 'ಯಜಮಾನ', ಅಲ್ಪವಿರಾಮ 'ಬಾಲ', ಪೂರ್ಣವಿರಾಮ 'ಬೊಟ್ಟು', ಎರಡು ಪದಗಳ ನಡುವಿನ ಜಾಗ 'ಖಾಲಿ'. ತಲೆಯ ಮೇಲೆ ಎರಡು ಚುಕ್ಕಿ ಹೊತ್ತ ಯು ಅಕ್ಷರಕ್ಕೆ ಆಕೆ ಇಟ್ಟ ಹೆಸರು 'ಹೇನಿನ ಯು'. ಹೀಗಾಗಿ ದಿನಾ ಬೆಳಿಗ್ಗೆ ಆ ಮನೆಯ ಕಿಟಕಿಯಿಂದ ಬೀದಿಗೆ ಕೇಳಿಸುತ್ತಿದ್ದದ್ದು ಹೀಗೆ: "ಎ, ಯು, ಎಫ್, ಖಾಲಿ, ಎನ್, ಹೇನಿನ ಯು, ಸಿ, ಎಚ್, ಟಿ, ಇ, ಆರ್, ಎನ್, ಇ, ಎನ್, ಖಾಲಿ, ಯಜಮಾನ ಎಮ್, ಎ, ಜಿ, ಇ, ಎನ್, ಬೊಟ್ಟು." ಎದುರುಮನೆಯವರು ಮೊದಮೊದಲು ಯಾರಿಗೋ ಮೈಮೇಲೆ ಬಂದಿದೆ ಎಂದುಕೊಂಡರು, ಆಮೇಲೆ ಗಡಿಯಾರ ಸರಿಮಾಡಿಕೊಳ್ಳಲು ಬಳಸತೊಡಗಿದರು.

ಭೂತಗನ್ನಡಿಯವರು ಮೇಜಿನ ಮೇಲಿನ ಗೋಡೆಗೆ 'ಓದಾಳಿನ ನಿಯಮಗಳು' ಎಂದು ಒಂದು ಹಾಳೆ ಅಂಟಿಸಿದ್ದರು. ಮೂಲಪ್ರತಿ ಹಿಡಿದವರು ಕೆಲಸ ಮುಗಿಯುವವರೆಗೆ ಏನನ್ನೂ ತಿನ್ನಕೂಡದು, ಕುಡಿಯಕೂಡದು. ಮೂಲಪ್ರತಿಯಲ್ಲಿ ಇದ್ದದ್ದನ್ನು ಬಿಟ್ಟು ಬೇರೊಂದು ಶಬ್ದ ಉಚ್ಚರಿಸಕೂಡದು. ಮೂಲಪ್ರತಿ ತಪ್ಪಾಗಿರಲು ಸಾಧ್ಯವಿಲ್ಲ. ಈ ಕೊನೆಯದಕ್ಕೆ ಕೆಂಪು ಶಾಯಿಯಲ್ಲಿ ಎರಡು ಗೆರೆ.

ಅವರೆದುರಿಗೆ ಮಾತ್ರ ಹಬೆಯಾಡುವ ಕಾಫಿ ಇರುತ್ತಿತ್ತು. ಮೊದಲ ವಾರವೇ ಆಕೆ ಕೇಳಿದ್ದಳು.

"ರೀ, ನನಗೂ ಒಂದು ಲೋಟ ತಂದುಕೊಳ್ಳಲಾ?"

"ನಿಯಮ ಓದಿಲ್ವಾ? ನನ್ನ ಕಡೆ ಇರೋದು ಪ್ರೂಫು. ಅದರ ಮೇಲೆ ಚೆಲ್ಲಿದ್ರೆ ಇನ್ನೊಂದು ತೆಗೆಸ್ತಾರೆ. ನಿನ್ನ ಕಡೆ ಇರೋದು ಮೂಲ! ಅದರ ಮೇಲೆ ಚೆಲ್ಲಿದ್ರೆ?"

ಆಕೆ ಐದಕ್ಕೇ ಎದ್ದು ತಿಂಡಿ ಮಾಡಿ ಮುಚ್ಚಿಟ್ಟು ಬಂದು ಕೂರುತ್ತಿದ್ದಳು. ಅದರ ವಾಸನೆ ಬಂದು ಮೂಗಿಗೆ ಬಡಿಯುತ್ತಿತ್ತು. ಎಂಟೂವರೆಗೆ ಗಂಡ ತಿಂದು ಹೊರಡಬೇಕು, ಆಮೇಲೆ ಅತ್ತೆ, ಆಮೇಲೆ ಪಾತ್ರೆ. ಆಕೆಯ ಬಾಯಿಗೆ ಮೊದಲ ತುತ್ತು ಬೀಳುವಾಗ ಹತ್ತು ದಾಟಿರುತ್ತಿತ್ತು. ಒಂದು ದಿನ ಒಂದು ಉದ್ದನೆಯ ಪದದ ನಡುವೆ ಆಕೆಯ ಹೊಟ್ಟೆ ಗೊರ್ರ್ ಎಂದಿತು. ಭೂತಗನ್ನಡಿಯವರು ಕನ್ನಡಿಯಿಂದ ಕಣ್ಣೆತ್ತದೆ ಹೇಳಿದರು: "ಮೂಲಪ್ರತಿಯಲ್ಲಿ ಇಲ್ಲದ ಶಬ್ದ ಮಾಡಬೇಡ."

ಇದನ್ನು ಅವರು ಮರುದಿನ ಪ್ರೆಸ್ಸಿನಲ್ಲಿ ಹೇಳಿಕೊಂಡು ಬಿದ್ದು ಬಿದ್ದು ನಕ್ಕರು. ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಅದೇ ಕಾಲಕ್ಕೆ ಆಕೆ ಇನ್ನೊಂದು ಮಾತು ಕೇಳಿದ್ದಳು. ಹೇನು ಹೊತ್ತ ಆ ಪದ ಹೆಚ್ಚುಕಡಿಮೆ ಎಲ್ಲ ಕಾಗದದಲ್ಲೂ ಬರುತ್ತಿತ್ತು.

"ಇದೊಂದು ಪದ ದಿನಾ ಬರತ್ತಲ್ಲ. ಒಂದೊಂದು ಸಲ ಕೊನೇಲಿ ಬೇರೆ ಬೇರೆ ಅಕ್ಷರ ಇರತ್ತೆ. ಏನ್ರೀ ಇದರರ್ಥ?"

"ಅರ್ಥ ಕಟ್ಕೊಂಡು ನಿನಗೇನಾಗಬೇಕು? ಓದು."

ಆಕೆ ಮತ್ತೆ ಕೇಳಲಿಲ್ಲ. ಹೆಂಡತಿ ಪಳಗಿದಳು ಎಂದು ಭೂತಗನ್ನಡಿಯವರು ಸಂತೋಷಪಟ್ಟರು. ಆಮೇಲಾಮೇಲೆ ಆಕೆ ಓದುವಾಗ ಒಮ್ಮೊಮ್ಮೆ ತಡೆದು "ಅಯ್ಯೋ ಪಾಪ" ಎನ್ನುತ್ತಿದ್ದಳು. ಒಮ್ಮೆಯಂತೂ ಕೂದಲು ಬೆಳೆಯುವ ಔಷಧದ ಕಾಗದ ಓದುತ್ತ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಕ್ಷರ ನೋಡಿ ನಗೋರನ್ನ ಈಗಲೇ ನೋಡಿದ್ದು" ಎಂದು ಅವರು ಗದರಿದರು. ಕುಂಟುತ್ತಿದ್ದ ಮೇಜಿನ ಕಾಲಿಗೆ ಆಕೆ ಯಾವುದೋ ದಪ್ಪನೆಯ ಕೆಂಪು ಪುಸ್ತಕವನ್ನು ತಂದು ಕೊಟ್ಟಾಗ ಮಾತ್ರ ಹೊಗಳಿದರು. ಮೇಜು ಅಲ್ಲಾಡುವುದು ನಿಂತಿತು. ಪುಸ್ತಕ ಯಾವುದು ಎಂದು ಅವರು ಬಗ್ಗಿ ನೋಡಲಿಲ್ಲ, ಅದನ್ನು ಪ್ರೂಫ್ ನೋಡಬೇಕಾಗಿರಲಿಲ್ಲವಲ್ಲ.

ಹೀಗಿರುವಾಗ ಒಂದು ಸೋಮವಾರ ಮ್ಯಾನೇಜರು ಘೋಷಿಸಿದರು: ಔಷಧ ಕಂಪನಿಯವರು ಜರ್ಮನ್ ವಿಭಾಗಕ್ಕೊಬ್ಬ ಮುಖ್ಯಸ್ಥ ಬೇಕೇಬೇಕು ಎನ್ನುತ್ತಿದ್ದಾರೆ. ಗಾಜಿನ ಬಾಗಿಲಿನ ಕೋಣೆ, ಚಕ್ರದ ಕುರ್ಚಿ. ಗುರುವಾರ ಕಂಪನಿಯ ಮೇಡಂ ಬಂದು ಪರೀಕ್ಷೆ ಮಾಡುತ್ತಾರೆ. ಅಭ್ಯರ್ಥಿಗಳು ಪದ್ಧತಿಯಂತೆ ತಮ್ಮ ಓದಾಳನ್ನು ತಾವೇ ಕರೆತರಬೇಕು.

ಅಭ್ಯರ್ಥಿ ಇದ್ದವರು ಒಬ್ಬರೇ. ಭೂತಗನ್ನಡಿಯವರು ಮೂವತ್ತೆರಡು ವರ್ಷದಿಂದ ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂತವರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಆ ಕುರ್ಚಿಯಲ್ಲಿ ಎರಡೇ ಎರಡು ವರ್ಷ ಕೂತು, ಗಾಜಿನಾಚೆಯಿಂದ ಉಳಿದವರು ತಮ್ಮನ್ನು ನೋಡುವುದನ್ನು ತಾವು ನೋಡದವರಂತೆ ಇರಬೇಕೆಂಬುದು ಅವರ ಜೀವದ ಆಸೆ. ಅದು ಸಿಕ್ಕದಿದ್ದರೆ ತಾವು ಇಷ್ಟು ದಿನ ಬದುಕಿದ್ದು ಸ್ಟೂಲಿನ ಲೆಕ್ಕಕ್ಕೇ ಹೋಗುತ್ತದೆ ಎಂದು ಅವರಿಗೆ ನಿಜವಾಗಿಯೂ ಅನ್ನಿಸುತ್ತಿತ್ತು. ಮಂಗಳವಾರವೇ ಬೋರ್ಡು ಬರೆಯುವವನ ಹತ್ತಿರ ಹೋಗಿ 'ಮುಖ್ಯಸ್ಥರು, ಜರ್ಮನ್ ವಿಭಾಗ' ಎಂದು ಒಂದು ಹಲಗೆ ಬರೆಸಿ ತಂದು ಬೀರುವಿನ ಮೇಲೆ ಅಡಗಿಸಿಟ್ಟರು.

ಬುಧವಾರ ಸಂಜೆ ಹೆಂಡತಿಗೆ ತರಬೇತಿ.

"ನೋಡು, ನಾಳೆ ಮೇಡಂ ಮುಂದೆ ಬಾಯಿಗೆ ಬಂದ ಹಾಗೆ ಮಾತಾಡಬೇಡ. ಮೂಲದಲ್ಲಿ ಇರೋದನ್ನ ಮಾತ್ರ ಓದು."

"ಮೂಲದಲ್ಲಿ ಇರೋದು ಸರಿ ಇಲ್ದಿದ್ರೆ?"

"ಮೂಲ ಸರಿ ಇಲ್ಲ ಅಂದ್ರೆ ಏನೇ ಅರ್ಥ!"

"ಅರ್ಥ ಕಟ್ಕೊಂಡು ನನಗೇನಾಗಬೇಕು, ಬಿಡಿ" ಎಂದು ಆಕೆ ಎದ್ದು ಹೋದಳು.

"ಅವಳಿಗೆ ನಾಳೆ ಬೆಳಿಗ್ಗೆ ಏನಾದ್ರೂ ತಿಂದು ಹೋಗೋಕೆ ಹೇಳೋ" ಎಂದು ಒಳಗಿನಿಂದ ಅತ್ತೆಯವರ ದನಿ ಬಂತು.

"ಪರೀಕ್ಷೆ ದಿನ ನಿಯಮ ಮುರಿಯೋಕಾಗತ್ತಾ ಅಮ್ಮ?"

ಗುರುವಾರ ಬಂತು. ಗಾಜಿನ ಕೋಣೆಯಲ್ಲಿ ಮೇಜಿನ ಆಚೆ ಕಂಪನಿಯ ಮೇಡಂ, ಪಕ್ಕದಲ್ಲಿ ತಲೆಯಾಡಿಸಲು ಮ್ಯಾನೇಜರು. ಈಚೆ ಗಂಡಹೆಂಡತಿ. ಭೂತಗನ್ನಡಿಯವರು ತಮ್ಮ ಹಿಡಿಯಿರುವ ಕನ್ನಡಿಯನ್ನು ಉಸಿರು ಬಿಟ್ಟು ಬಿಟ್ಟು ಒರೆಸಿ, ಚಕ್ರದ ಕುರ್ಚಿಯ ಕಡೆ ಒಂದು ಓರೆನೋಟ ಎಸೆದು, "ಹೂಂ" ಎಂದರು. ಆಕೆ ಓದತೊಡಗಿದಳು. ಅಕ್ಷರಗಳು ನಲ್ಲಿಯ ನೀರಿನ ಹಾಗೆ ಇಳಿದವು. ಪ್ರೂಫಿನಲ್ಲಿ ಎರಡು ತಪ್ಪು ಸಿಕ್ಕವು. ಭೂತಗನ್ನಡಿಯವರು ಕೆಂಪು ಪೆನ್ಸಿಲಿನಲ್ಲಿ ಅವುಗಳ ಶಿರಚ್ಛೇದ ಮಾಡಿದರು. ಮೇಡಂ ಮೆಚ್ಚುಗೆಯಿಂದ ತಲೆಯಾಡಿಸಿದರು, ಮ್ಯಾನೇಜರು ಇನ್ನೂ ಜೋರಾಗಿ ಆಡಿಸಿದರು.

"ಎ, ಯು, ಎಫ್, ಖಾಲಿ, ವಿ, ಓ, ಎಲ್, ಎಲ್, ಇ, ಎನ್, ಖಾಲಿ, ಯಜಮಾನ ಎಮ್..." ಆಕೆ ನಿಂತಳು.

ಭೂತಗನ್ನಡಿಯವರು ಮೇಜಿನ ಕೆಳಗೆ ಕಾಲಿನಿಂದ ತಿವಿದರು. ಆಕೆ ಅಲ್ಲಾಡಲಿಲ್ಲ.

"ಓದು."

"ಇಲ್ಲಿ ತಪ್ಪಿದೆ ರೀ."

"ಪ್ರೂಫ್ ನನ್ನ ಹತ್ರ ಇದೆ. ಇಲ್ಲೂ ಅದೇ ಇದೆ. ವಿ, ಓ, ಎಲ್, ಎಲ್. ತಪ್ಪೆಲ್ಲಿ ಬಂತು?"

"ಪ್ರೂಫಲ್ಲಲ್ಲ. ಮೂಲದಲ್ಲೇ."

ಭೂತಗನ್ನಡಿಯವರ ಪಿತ್ತ ನೆತ್ತಿಗೇರಿತು, ಆದರೆ ಮುಖದ ಮೇಲೆ ನಗು ಎಳೆದುಕೊಂಡರು. "ಕ್ಷಮಿಸಿ ಮೇಡಂ. ಹೆಂಗಸು, ಪರೀಕ್ಷೆ ಅಂದ್ರೆ ಗಾಬರಿ. ಮೂಲ ತಪ್ಪಾಗಿರೋಕೆ ಸಾಧ್ಯಾನೇ ಇಲ್ಲ. ನಮ್ಮನೇಲಿ ಗೋಡೆ ಮೇಲೇ ಬರೆದು ಹಾಕಿದೀನಿ."

ಮೇಡಂ ಪೆನ್ನು ಕೆಳಗಿಟ್ಟರು. ಆಕೆಯ ಕಡೆ ತಿರುಗಿ, "ಯಾವ ಪದ ಇರಬೇಕಿತ್ತು?" ಎಂದರು.

ಆಕೆ ಒಂದು ಪದ ಹೇಳಿದಳು. "ನ್ಯೂಹ್ಟರ್ನೆನ್."

ಭೂತಗನ್ನಡಿಯವರಿಗೆ ಅದು ಯಾವ ಪದವೆಂದೇ ತಿಳಿಯಲಿಲ್ಲ. ಸಾವಿರಾರು ಸಲ ಅಕ್ಷರ ಬಿಡಿಸಿ ನೋಡಿದ್ದವರು ಅದನ್ನು ಯಾರಾದರೂ ಜೋಡಿಸಿ ಹೇಳಿದ್ದನ್ನು ಕೇಳಿದ್ದು ಅದೇ ಮೊದಲು. "ನಮ್ಮ ಹೇನಿಂದು, ರೀ" ಎಂದು ಆಕೆ ಮೆಲ್ಲಗೆ ಹೇಳಿದಳು. ಅಷ್ಟು ಹೇಳಿದ್ದೇ ತಡ, ಅವರು ಎದ್ದು ನಿಂತು, ಕಣ್ಣು ಮುಚ್ಚಿ, ಹತ್ತೂ ಅಕ್ಷರಗಳನ್ನು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟರು. ಹೇನಿನ ಸಮೇತ.

"ಅಕ್ಷರ ಸರಿ ಇದೆ" ಎಂದರು ಮೇಡಂ. "ಅರ್ಥ?"

ಮೂವತ್ತೆರಡು ವರ್ಷದಲ್ಲಿ, ಹೆಂಡತಿಯನ್ನು ಬಿಟ್ಟರೆ, ಮೊದಲ ಸಲ ಒಬ್ಬರು ಕೇಳಿದ್ದರು. ಭೂತಗನ್ನಡಿಯವರು ಸೂರು ನೋಡಿದರು, ಮ್ಯಾನೇಜರನ್ನು ನೋಡಿದರು. ಮ್ಯಾನೇಜರು ಈ ಸಲ ಯಾವ ದಿಕ್ಕಿಗೆ ತಲೆಯಾಡಿಸಬೇಕೆಂದು ತಿಳಿಯದೆ ಸುಮ್ಮನಿದ್ದರು. ಔಷಧದ ಕಾಗದ ಎಂದ ಮೇಲೆ ಏನಿರಬಹುದು ಎಂದು ಭೂತಗನ್ನಡಿಯವರೇ ತರ್ಕಿಸಿ, ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ ನುಡಿದರು:

"ದಿನಕ್ಕೆ ಮೂರು ಬಾರಿ."

ಮೇಡಂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಆಕೆಯ ಕಡೆ ನೋಡಿದರು.

"ಬೆಳಗ್ಗೆಯಿಂದ ಏನೂ ತಿಂದಿಲ್ಲದ ಹೊಟ್ಟೆ ಇರತ್ತಲ್ಲ ಮೇಡಂ, ಅದಕ್ಕೆ ಹೇಳೋ ಮಾತು" ಎಂದಳು ಆಕೆ. "ಇದು ಒಂದೇ ಥರ ಇರಲ್ಲ. ತನ್ನ ಮುಂದೆ ಬರೋರು ಗಂಡೋ ಹೆಣ್ಣೋ, ಅವರಿಗೆ ಏನಾಗ್ತಿದೆ ಅಂತ ನೋಡ್ಕೊಂಡು ಬಾಲ ಬದಲಾಯಿಸತ್ತೆ. ತನಗೆ ಬೇಕಾದ ಹಾಗೆ ಇರೋ ಹಾಗಿಲ್ಲ. ಅದಕ್ಕೇ ಅದು ನನಗೆ ಬೇಗ ಹತ್ತಿರ ಆಯ್ತು. ಇಲ್ಲಿ ಮುಂದೆ ಬರೋದು ಹೊಟ್ಟೆ. ಅವರ ಭಾಷೇಲಿ ಹೊಟ್ಟೆ ಗಂಡಸು."

"ಹೌದು" ಎಂದರು ಮೇಡಂ.

"ನಮ್ಮನೇಲೂ ಅಷ್ಟೇ. ಈ ಕಾಗದದಲ್ಲಿ ತುಂಬಿದ ಹೊಟ್ಟೇಲಿ ತಗೊಳ್ಳಿ ಅಂತಿದೆ. ಆದ್ರೆ ಕೆಳಗೆ ಊಟಕ್ಕೆ ಎರಡು ಗಂಟೆ ಮುಂಚೆ ಅಂತಿದೆ, ಊಟ ಆದ್ಮೇಲೆ ತಗೊಂಡ್ರೆ ವಾಂತಿ ಅಂತಾನೂ ಇದೆ. ಎರಡೂ ಒಟ್ಟಿಗೆ ನಿಜ ಆಗಲ್ಲ."

ಮೇಡಂ ಮೂಲಪ್ರತಿಯನ್ನು ತೆಗೆದುಕೊಂಡು ಮಡಿಸಿದರು. ಆ ತಪ್ಪನ್ನು ಅವರೇ ಬೇಕೆಂದೇ ಹಾಕಿದ್ದರಂತೆ. ಇಂಥದ್ದೊಂದು ತಪ್ಪು ನಿಜವಾಗಿಯೂ ಅಚ್ಚಾಗಿ ಹೋದರೆ ಎಷ್ಟು ಜನ ಹಾಸಿಗೆ ಹಿಡಿಯುತ್ತಾರೆ ಎಂಬುದು ಅಕ್ಷರ ಎಣಿಸುವವರಿಗೆ ಗೊತ್ತಾಗುವುದಿಲ್ಲ ಎಂದರು. ಆಮೇಲೆ ಕೇಳಿದರು: "ನಿಮ್ಮ ಅನುಭವ ಎಷ್ಟು?"

"ಹನ್ನೊಂದು ವರ್ಷ."

"ಎಲ್ಲಿ ಕೆಲಸ?"

"ಅಡುಗೆಮನೆ ಪಕ್ಕದ ಮೇಜಿನ ಮೇಲೆ."

"ಭಾಷೆ ಕಲಿಸಿದ್ದು ಯಾರು?"

"ಉಳಿದ ಪದಗಳಿಗೆಲ್ಲ ಒಂದು ಹಳೇ ನಿಘಂಟು ಇತ್ತು. ಈ ಪದಕ್ಕೆ ಅದು ಬೇಕಾಗ್ಲಿಲ್ಲ ಮೇಡಂ. ಅದನ್ನ ಓದೋವಾಗೆಲ್ಲ ನನ್ನ ಹೊಟ್ಟೆ ಹಾಗೇ ಇರ್ತಿತ್ತು."

ಮ್ಯಾನೇಜರು ಮೇಡಂ ಮುಖ ನೋಡಿ, ದಿಕ್ಕು ಖಚಿತಪಡಿಸಿಕೊಂಡು, ತಲೆಯಾಡಿಸಿದರು.

ಮನೆಯ ದಾರಿಯುದ್ದಕ್ಕೂ ಭೂತಗನ್ನಡಿಯವರು ದಾಪುಗಾಲು ಹಾಕಿದರು. ಆಕೆ ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು, ಅದೂ ಹಳೆಯ ಅಭ್ಯಾಸ. ಬಾಗಿಲ ಚಿಲಕ ತೆಗೆದದ್ದೇ ಕಟ್ಟೆ ಒಡೆಯಿತು.

"ಬೆನ್ನಿಗೆ ಚೂರಿ ಹಾಕಿದೆಯಲ್ಲೇ! ಮೂವತ್ತೆರಡು ವರ್ಷದ ಕುರ್ಚಿ! ಅಕ್ಷರ ಓದು ಅಂದ್ರೆ ಅರ್ಥ ಕದ್ದೆ! ನನ್ನ ಬೆನ್ನ ಹಿಂದೆ!"

"ಬೆನ್ನ ಹಿಂದೆ ಅಲ್ಲ ರೀ. ನಿಮ್ಮ ಮೊಣಕಾಲ ಕೆಳಗೆ." ಆಕೆ ಬಗ್ಗಿ, ಮೇಜಿನ ಕಾಲಿನಡಿಯಿಂದ ಕೆಂಪು ಪುಸ್ತಕವನ್ನು ಎಳೆದು ತೆಗೆದು ಧೂಳು ಕೊಡವಿದಳು. ನಿಘಂಟು. ಪುಟಗಳ ಅಂಚಿನ ತುಂಬ ಹಿಟ್ಟಿನ ಬೆರಳಿನ ಗುರುತು. "ದಿನಾ ನೀವು ಹೋದ ಮೇಲೆ ತೆಗೀತಿದ್ದೆ, ಬರೋದರೊಳಗೆ ಇಡ್ತಿದ್ದೆ."

"ನನಗೊಂದು ಮಾತು ಹೇಳಬಾರದಿತ್ತಾ?"

"ನೀವು ಕೇಳಬಾರದಿತ್ತಾ?"

"ಏನಂತ ಕೇಳಬೇಕಿತ್ತು? ಜರ್ಮನ್ ಕಲಿತಿದೀಯಾ ಅಂತ ದಿನಾ ಕೇಳಬೇಕಿತ್ತಾ?"

"ಅದಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲ. ತಿಂದ್ಯಾ ಅಂತ."

ಭೂತಗನ್ನಡಿಯವರಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು, ಸಿಟ್ಟನ್ನು ಯಾರ ಮೇಲೆ ತೀರಿಸಬೇಕೆಂದು ತೋಚದೆ ಗೋಡೆಯ ಮೇಲಿನ ನಿಯಮಗಳ ಹಾಳೆಯನ್ನು ಹರಿಯಲು ಕೈ ಹಾಕಿದರು.

"ಹರೀಬೇಡಿ, ಬೇಕಾಗತ್ತೆ" ಎಂದಳು ಆಕೆ.

ಬೇಕಾಯಿತು. ಶುಕ್ರವಾರ ಮ್ಯಾನೇಜರು ಅವರನ್ನು ಕರೆದು, ವಿಭಾಗಕ್ಕೆ ಮುಖ್ಯಸ್ಥೆ ಬಂದ ಮೇಲೆ ಒಬ್ಬ ಓದಾಳು ಬೇಕೇಬೇಕಾಗುತ್ತದೆ, ಈ ಸಲ ನಿಜವಾಗಿಯೂ ಹಾಕುತ್ತೇನೆ, ನಿಮಗಿಂತ ಅಕ್ಷರ ಬಲ್ಲವರು ಯಾರಿದ್ದಾರೆ ಎಂದರು. ಬೇಡವೆಂದರೆ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ ಖಾಲಿಯಿದೆ ಎಂದೂ ಸೇರಿಸಿದರು. ಭೂತಗನ್ನಡಿಯವರು ಒಂದು ದಿನ ಯೋಚಿಸಿದರು. ಅಂಟಿನ ವಾಸನೆ ಅವರಿಗೆ ಆಗಿಬರುತ್ತಿರಲಿಲ್ಲ. ಬೀರುವಿನ ಮೇಲಿದ್ದ ಹಲಗೆಯನ್ನು ಅವರು ಒಲೆಗೆ ಹಾಕಬೇಕೆಂದು ಹುಡುಕಿದರೆ, ಅದು ಆಗಲೇ ಗಾಜಿನ ಬಾಗಿಲಿಗೆ ತೂಗುಬಿದ್ದಿತ್ತು. 'ಮುಖ್ಯಸ್ಥರು' ಎಂದು ಗೌರವ ಕೊಟ್ಟು ಬರೆಸಿದ್ದರಿಂದ ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲವಂತೆ.

ಸೋಮವಾರ ಬೆಳಿಗ್ಗೆ ಆರು ಗಂಟೆ. ಬಾಕಿ ಉಳಿದ ಪ್ರೂಫುಗಳು ರಾಶಿ ಇದ್ದವು, ಹೊಸ ಮುಖ್ಯಸ್ಥೆ ಮನೆಗೇ ತಂದಿದ್ದಳು. ಅದೇ ಮೇಜು. ಕೆಂಪು ಪುಸ್ತಕ ಪ್ರೆಸ್ಸಿಗೆ ಹೋಗಿದ್ದರಿಂದ ಮತ್ತೆ ಕುಂಟುತ್ತಿತ್ತು. ಆಕೆ ತಟ್ಟೆ ತೊಳೆದಿಟ್ಟು, ಬಾಯಿ ಒರೆಸಿಕೊಂಡು ಬಂದು, ಪ್ರೂಫಿನ ಕಡೆ ಕೂತಳು. ಕೈಯಲ್ಲಿ ಹಬೆಯಾಡುವ ಕಾಫಿ. ಮೂಲಪ್ರತಿಯನ್ನು ಆಚೆ ಕಡೆ ತಳ್ಳಿದಳು.

"ನನ್ನ ಕಾಫಿ?" ಎಂದರು ಭೂತಗನ್ನಡಿಯವರು.

ಆಕೆ ಕೆಂಪು ಪೆನ್ಸಿಲಿನಿಂದ ಗೋಡೆ ತೋರಿಸಿದಳು. ಹನ್ನೊಂದು ವರ್ಷದ ಹಿಂದಿನ ತಮ್ಮ ಕೈಬರಹವನ್ನು ಅವರು ಓದಿಕೊಂಡರು. ಅದರಲ್ಲಿ ಒಂದೂ ತಪ್ಪಿರಲಿಲ್ಲ.

"ಎ, ಯು, ಎಫ್, ಖಾಲಿ, ಎನ್, ಹೇನಿನ ಯು..."

"ಇನ್ನೂ ಜೋರಾಗಿ ಓದೋ" ಎಂದು ಒಳಗಿನಿಂದ ಅವರ ಅಮ್ಮ ಕೂಗಿದರು. "ಅವಳು ಓದಿದ್ರೆ ಬಚ್ಚಲುಮನೆಗೂ ಕೇಳ್ತಿತ್ತು."

ಅವರು ಜೋರಾಗಿ ಓದಿದರು. ಏಳಾಯಿತು, ಏಳೂವರೆಯಾಯಿತು. ಮುಚ್ಚಿಟ್ಟ ತಿಂಡಿಯ ವಾಸನೆ ಬಾಗಿಲು ದಾಟಿ ಬಂದು ಅವರ ಮೂಗಿನ ಕೆಳಗೆ ಕೂತಿತು. ಇಷ್ಟು ವರ್ಷ ಅದಕ್ಕೆ ಇಂಥ ವಾಸನೆ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ನಾಲ್ಕನೆಯ ಪುಟದಲ್ಲಿ ಹೇನು ಹೊತ್ತ ಪದ ಮತ್ತೆ ಬಂತು. ಎಚ್, ಟಿ ಎನ್ನುವಷ್ಟರಲ್ಲಿ ಅವರ ಹೊಟ್ಟೆ ಇಡೀ ಕೋಣೆಗೆ ಕೇಳಿಸುವಂತೆ ಗೊರ್ರ್ ಎಂದಿತು.

ಅವರು ನಿಲ್ಲಿಸಿ, ಆಸೆಯಿಂದ ಹೆಂಡತಿಯ ಮುಖ ನೋಡಿದರು. ಆಕೆ ಕೇಳಬಹುದು ಎಂದುಕೊಂಡರು. ಒಂದೇ ಪದ, ಕನ್ನಡದಲ್ಲಿ.

ಆಕೆ ಕೈಯಲ್ಲಿದ್ದ ಭೂತಗನ್ನಡಿಯಿಂದ ಕಣ್ಣೆತ್ತಲಿಲ್ಲ.

"ಅದು ಮೂಲಪ್ರತಿಯಲ್ಲಿ ಇಲ್ಲ" ಎಂದಳು. "ಮುಂದೆ ಓದಿ."